ಯಾರದೋ ದುಡ್ಡು, ಮೆಟ್ರೊ ಜಾತ್ರೆ

ಬೆಂಗಳೂರಿನ ಮೆಟ್ರೊ ಯಾರದ್ದು ಎಂದು ಕೇಳುವ ಮುಂಚೆ ಇವತ್ತು ಯಾವ ದಿನ ಎಂದು ನೋಡಿಕೊಳ್ಳಿ. ಉದ್ಘಾಟನೆಯ ದಿನವಾದರೆ ಅದು ಪೂರ್ತಿ ಕೇಂದ್ರದ್ದು, ಜೊತೆಗೆ ಪೂರ್ತಿ ರಾಜ್ಯದ್ದು. ಟಿಕೆಟ್ ದರ ಏರಿದ ದಿನವಾದರೆ ಯಾರದ್ದೂ ಅಲ್ಲ. ಕಾಗದದಲ್ಲಿ ಮಾತ್ರ ಮೆಟ್ರೊ ರೈಲು ನಿಗಮ ಅರ್ಧ ಅವರದ್ದು, ಅರ್ಧ ಇವರದ್ದು. ಅಧ್ಯಕ್ಷರು ದೆಹಲಿಯ ನಗರ ವ್ಯವಹಾರಗಳ ಕಾರ್ಯದರ್ಶಿ, ವ್ಯವಸ್ಥಾಪಕ ನಿರ್ದೇಶಕರು ರಾಜ್ಯ ಕಳಿಸಿದ ಅಧಿಕಾರಿ. ತಪ್ಪು ಹೊರಿಸಲು ಇಷ್ಟು ಅನುಕೂಲವಾದ ಏರ್ಪಾಡನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ, ಅವನ ಹೆಸರನ್ನು ಒಂದು ನಿಲ್ದಾಣಕ್ಕಾದರೂ ಇಡಬೇಕಿತ್ತು.

ಪಾಲು ಅರ್ಧರ್ಧ ಎಂದಮೇಲೆ ಖರ್ಚೂ ಅರ್ಧರ್ಧ ತಾನೇ ಎಂದುಕೊಂಡರೆ, ಪಾಪ, ನೀವು ಶಾಲೆಯ ಗಣಿತ ನಂಬಿದವರು. ಅರ್ಧರ್ಧ ಇರುವುದು ಷೇರಿನಲ್ಲಿ. ವೆಚ್ಚದಲ್ಲಿ ಕೇಂದ್ರದ್ದು ಐದರಲ್ಲೊಂದು ಪಾಲಿನ ಆಸುಪಾಸು. ರಾಜ್ಯದ್ದು ಅದಕ್ಕಿಂತ ಜಾಸ್ತಿ, ಜಮೀನಿನ ಭಾರವೂ ಅದರ ತಲೆಗೇ. ಮಿಕ್ಕ ಸುಮಾರು ಅರ್ಧ ಸಾಲ. ಜಪಾನಿನ ಜೈಕಾ, ಏಷ್ಯನ್ ಅಭಿವೃದ್ಧಿ ಬ್ಯಾಂಕು, ಐರೋಪ್ಯ ಹೂಡಿಕೆ ಬ್ಯಾಂಕು ಹೀಗೆ ಕೈಸಾಲ ಕೊಟ್ಟ ದೂರದ ನೆಂಟರ ಪಟ್ಟಿ ದೊಡ್ಡದು. ಇಷ್ಟಾದರೂ ಜಪಾನಿನವರು ಊರಲ್ಲೆಲ್ಲೂ ಒಂದು ಫ್ಲೆಕ್ಸ್ ಕಟ್ಟಿಸಿಲ್ಲ. ಕೈಮುಗಿದ ಫೋಟೊ ಇಲ್ಲ, 'ಜನಪ್ರಿಯ ಸಾಲದಾತರಿಗೆ ಸ್ವಾಗತ' ಇಲ್ಲ. ಅವರಿಗೆ ರಾಜಕೀಯ ಗೊತ್ತಿಲ್ಲ.

ನಮ್ಮವರಿಗೆ ಗೊತ್ತಿದೆ. ಊರಿಗೆ ರೈಲು ಬೇಕು ಎಂದು 1994ರಲ್ಲೇ ಒಂದು ಕಂಪನಿ ಹುಟ್ಟಿತು, ರೈಲು ಹುಟ್ಟಲಿಲ್ಲ. ಆಮೇಲೆ ದೆಹಲಿ ಮೆಟ್ರೊದವರು 2003ರಲ್ಲಿ ಯೋಜನಾ ವರದಿ ಬರೆದುಕೊಟ್ಟರು. 2006ರ ಜೂನ್‌ನಲ್ಲಿ ಪ್ರಧಾನಿ ಮನಮೋಹನ ಸಿಂಗ್ ಅಡಿಗಲ್ಲು ಹಾಕಿದರು. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್ 20ಕ್ಕೆ. 42 ಕಿಲೋಮೀಟರಿನ ಮೊದಲ ಹಂತ ಮುಗಿದದ್ದು 2017ರ ಜೂನ್‌ನಲ್ಲಿ. ಅಷ್ಟರಲ್ಲಿ ಐವರು ಮುಖ್ಯಮಂತ್ರಿಗಳು, ನಡುನಡುವೆ ರಾಷ್ಟ್ರಪತಿ ಆಡಳಿತ. ಲೆಕ್ಕ ಹಾಕಿದರೆ ಎಂಟೂವರೆ ಕಿಲೋಮೀಟರಿಗೆ ಒಬ್ಬ ಮುಖ್ಯಮಂತ್ರಿ ಖರ್ಚಾಗಿದ್ದಾರೆ. ಹಣ? ಮಂಜೂರಾದಾಗ 6,395 ಕೋಟಿ, ಮುಗಿಯುವಾಗ ಅದರ ಎರಡು ಪಟ್ಟು ದಾಟಿತ್ತು. ಮಧ್ಯೆ ಮಾರ್ಗ ಒಂಬತ್ತು ಕಿಲೋಮೀಟರ್ ಉದ್ದವಾಯಿತು, ನಿಜ. ಆದರೆ ಬಿಲ್ಲು ಬೆಳೆದಷ್ಟು ಬೇಗ ಹಳಿ ಬೆಳೆಯಲಿಲ್ಲ.

ಈಗ ಹೊಸ ಮಾರ್ಗ ಬೇಕೆಂದರೆ 2017ರ ಮೆಟ್ರೊ ನೀತಿಯ ಬಾಗಿಲು ದಾಟಬೇಕು. ಆರ್ಥಿಕ ಪ್ರತಿಫಲ ಶೇ 14 ಇರಲೇಬೇಕೆಂದು ಅದರ ಅಪ್ಪಣೆ. ಇದು ಟಿಕೆಟ್ಟಿನ ಲಾಭವಲ್ಲ. ಜನರಿಗೆ ಉಳಿಯುವ ಸಮಯ, ಉಳಿಯುವ ಪೆಟ್ರೋಲು, ಇವಕ್ಕೆಲ್ಲ ರೂಪಾಯಿ ಬೆಲೆ ಕಟ್ಟಿ ತೆಗೆಯುವ ಲೆಕ್ಕ. ಅಂದರೆ ರಸ್ತೆಯಲ್ಲಿ ಸಮಯ ಎಷ್ಟು ಹೆಚ್ಚು ಹಾಳಾಗುತ್ತದೋ ಅಷ್ಟು ಹೆಚ್ಚು ಉಳಿಸಿ ತೋರಿಸಬಹುದು. ಸಿಲ್ಕ್ ಬೋರ್ಡಿನಲ್ಲಿ ಒಂದು ಗಂಟೆ ಸಿಕ್ಕಿಹಾಕಿಕೊಂಡು ಸರ್ಕಾರವನ್ನು ಬೈಯುವವರು ಇನ್ನಾದರೂ ತಿಳಿಯಲಿ: ನೀವು ಕೂತಿರುವುದು ಜಾಮಿನಲ್ಲಲ್ಲ, ಯೋಜನಾ ವರದಿಯ ನಾಲ್ಕನೆಯ ಕಾಲಮ್ಮಿನಲ್ಲಿ. ಈ ಬಂಡವಾಳ ಕರಗದಂತೆ ಕಾಪಾಡಲು ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಕಾರುಗಳಿಗೆಂದೇ ಸುರಂಗ ರಸ್ತೆ ಬರುತ್ತಿದೆ. ಮೂರನೇ ಹಂತದ ಮೆಟ್ರೊ ಕಂಬಗಳ ಮೇಲೆ ರೈಲಿನ ಜೊತೆಗೆ ಕಾರಿನ ಮೇಲ್ಸೇತುವೆಯನ್ನೂ ಹೇರುವುದೆಂದು ರಾಜ್ಯ ತೀರ್ಮಾನಿಸಿದೆ. 15,611 ಕೋಟಿಗೆ 2024ರ ಆಗಸ್ಟ್‌ನಲ್ಲಿ ಕೇಂದ್ರ ಒಪ್ಪಿದ ಯೋಜನೆ, ಕಾರಿಗೂ ಜಾಗ ಕೊಡಲು ನಕ್ಷೆ ತಿದ್ದಿಸಿಕೊಳ್ಳುತ್ತ ಕೂತಿತು. ಜನರನ್ನು ಕಾರಿನಿಂದ ಇಳಿಸುವ ರೈಲು ತಾನು ಹೊರಡುವ ಮೊದಲು ಕಾರಿಗೆ ಹೆಗಲು ಕೊಡಬೇಕು!

ಅಂತೂ ಹಳಿ ಬಿದ್ದಮೇಲೆ ಇನ್ನೊಂದು ಅಡ್ಡಿ: ರಿಬ್ಬನ್. ವಿಧಾನಸಭಾ ಚುನಾವಣೆ ಎದುರಿಗಿದ್ದ 2023ರ ಮಾರ್ಚ್ 25ಕ್ಕೆ ವೈಟ್‌ಫೀಲ್ಡ್–ಕೆ.ಆರ್. ಪುರ ಮಾರ್ಗ ಉದ್ಘಾಟನೆಯಾಯಿತು. ಅಲ್ಲಿಂದ ಬೈಯಪ್ಪನಹಳ್ಳಿಗೆ ಎರಡು ಕಿಲೋಮೀಟರು ಮಾತ್ರ ಬಾಕಿ. ವೈಟ್‌ಫೀಲ್ಡಿನ ಜನ ಮೆಟ್ರೊ ಇಳಿದು, ಬಸ್ಸು ಹತ್ತಿ, ಮತ್ತೆ ಮೆಟ್ರೊ ಹತ್ತಿದರು. ಆ ಎರಡು ಕಿಲೋಮೀಟರು ಸದ್ದಿಲ್ಲದೆ ತೆರೆದದ್ದು ಅಕ್ಟೋಬರ್ 9ಕ್ಕೆ, ವಿಧಿವತ್ತಾಗಿ ಉದ್ಘಾಟನೆಯಾದದ್ದು 20ಕ್ಕೆ, ವಿಡಿಯೊ ಮೂಲಕ. ಹನ್ನೊಂದು ದಿನ ಓಡಾಡಿದವರು ಶಾಸ್ತ್ರದ ಪ್ರಕಾರ ಯಾವುದರಲ್ಲಿ ಓಡಾಡಿದರೋ ತಿಳಿಯದು. ಹಳದಿ ಮಾರ್ಗದ್ದು ಇನ್ನೊಂದು ಚಂದ. ಕಂಬ, ಹಳಿ, ನಿಲ್ದಾಣ ಎಲ್ಲ ತಯಾರು, ರೈಲೇ ಇಲ್ಲ. ಬೋಗಿ ಮಾಡಿಕೊಡಲು ಒಪ್ಪಿದ ಚೀನಾದ ಕಂಪನಿಗೆ ಇಲ್ಲೇ ಕಾರ್ಖಾನೆ ಹಾಕು ಎಂದೆವು. ಗಡಿಯಲ್ಲಿ ಜಗಳ ಬಂದಮೇಲೆ ಬರಬೇಡ ಎಂದೆವು. ಕೊನೆಗೆ 2025ರ ಆಗಸ್ಟ್ 10ಕ್ಕೆ ಆರ್.ವಿ. ರಸ್ತೆ–ಬೊಮ್ಮಸಂದ್ರ ಮಾರ್ಗ ಮೂರು ರೈಲುಗಳೊಂದಿಗೆ ಶುರುವಾಯಿತು, 25 ನಿಮಿಷಕ್ಕೊಂದು. ಇದಕ್ಕೆ ಹಣ ಕೊಟ್ಟವರು ನಾವು ತಾವು ಎಂಬ ಹೇಳಿಕೆಗಳು ಮಾತ್ರ ನಿಮಿಷಕ್ಕೊಂದರಂತೆ ಬಂದವು.

ಅದೇ ವರ್ಷದ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹಾರಿದಾಗ ಈ ದಾನಶೂರರು ಎಲ್ಲಿದ್ದರು? ದರ ಸಮಿತಿ ಕೇಂದ್ರ ನೇಮಿಸಿದ್ದು ಎಂದಿತು ರಾಜ್ಯ. ಸಮಿತಿ ಬೇಕೆಂದು ಕೇಳಿದ್ದೇ ರಾಜ್ಯ ಎಂದಿತು ಕೇಂದ್ರ. ಸಮಿತಿಯ ಮಾತು ಕಾನೂನಿನಂತೆ ಮೀರುವಂತಿಲ್ಲ ಎಂದಿತು ನಿಗಮ. ಆ ಸಮಿತಿಯ ವರದಿ ಜನರ ಕೈಗೆ ಸಿಗಲು ಹೈಕೋರ್ಟಿನ ತನಕ ಹೋಗಬೇಕಾಯಿತು. ಕೆಲವು ಕಡೆ ದರ ದುಪ್ಪಟ್ಟಾಗಿದೆ ಎಂಬ ಕೂಗೆದ್ದಾಗ ದೊಡ್ಡ ಮನಸ್ಸು ಮಾಡಿ, ಏರಿಕೆ ಶೇ 71 ಮೀರದಂತೆ ನೋಡಿಕೊಂಡರು. ರಿಯಾಯಿತಿ ಎಂದರೆ ಇದು.

ಹಣ ಹಾಕಿದವರ ಹೆಸರು ಫಲಕದ ಮೇಲೆ ಬರುವುದೇ ಇಲ್ಲ ಎನ್ನುವಂತಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಕೋನಪ್ಪನ ಅಗ್ರಹಾರ ನಿಲ್ದಾಣಕ್ಕೆ ಇನ್ಫೊಸಿಸ್ ಫೌಂಡೇಶನ್ ಹಣ ಕೊಟ್ಟಿತು, ಅದರ ಹೆಸರು ಅಲ್ಲಿದೆ. ಅಲ್ಲಿ ದಿನವೂ ಟಿಕೆಟ್ ತೆಗೆದು ಜೈಕಾದ ಕಂತು ತೀರಿಸುವವರ ಹೆಸರಿಗೆ ಫಲಕ ಸಾಲದು, ಬಿಡಿ.

2025ರಲ್ಲಿ ಇಡೀ ಮೆಟ್ರೊಗೇ 'ಬಸವ ಮೆಟ್ರೊ' ಎಂದು ಹೆಸರಿಡುವ ಆಸೆ ಮುಖ್ಯಮಂತ್ರಿಗಳಿಗೆ ಬಂದಿತ್ತು. ಪೂರ್ತಿ ರಾಜ್ಯದ ಯೋಜನೆಯಾಗಿದ್ದರೆ ಅವತ್ತೇ ಘೋಷಿಸುತ್ತಿದ್ದರಂತೆ, ಆದರೆ ಅರ್ಧ ಕೇಂದ್ರದ್ದು, ಶಿಫಾರಸು ಮಾಡಬೇಕು. ಹೆಸರು ಒಳ್ಳೆಯದೇ. ಆದರೆ ದೆಹಲಿಯೂ ಬೆಂಗಳೂರೂ ಒಮ್ಮೆ ಯೋಚಿಸಲಿ. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದವರು, ಯಾರ ದುಡ್ಡು ಎಷ್ಟು ಬಂತು, ಎಲ್ಲಿ ಹೋಯಿತು ಎಂದು ದಿನವೂ ಲೆಕ್ಕ ಬರೆದವರು.