ಅವನೋ, ಅವಳೋ, ಅದೋ?

ಏನ್ರೀ, ಬೆಳಗ್ಗೆಯಿಂದ ಎಷ್ಟು ಜನರ ಲಿಂಗ ಬದಲಾಯಿಸಿದ್ರಿ? ಗಾಬರಿ ಬೇಡ, ವ್ಯಾಕರಣದ ಮಾತು. ಮೇಷ್ಟ್ರು ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಅಂತ ಬೋರ್ಡ್ ಮೇಲೆ ಬರೀವಾಗ ನೀವು ಕಿಟಕಿಯಾಚೆ ನೋಡ್ತಿದ್ರಿ. (ಪರವಾಗಿಲ್ಲ, ಪಾಸಾದ್ರಲ್ಲ.)

ಹಿಂದಿ ನೋಡಿ ನಗೋದು ನಮಗೆ ಬಲು ಇಷ್ಟ. ಅಲ್ಲಿ ಗಂಡಸಿನ ಮೀಸೆ ಸ್ತ್ರೀಲಿಂಗ, ಗಡ್ಡ ಸ್ತ್ರೀಲಿಂಗ, ಲಾಠಿ ಹಿಡಿದ ಪೊಲೀಸೂ ಸ್ತ್ರೀಲಿಂಗ! ಸಂಸ್ಕೃತದಲ್ಲಿ ಹೆಂಡತಿ 'ಭಾರ್ಯಾ' ಆದ್ರೆ ಸ್ತ್ರೀಲಿಂಗ, 'ಕಲತ್ರ' ಆದ್ರೆ ನಪುಂಸಕ, 'ದಾರಾ' ಆದ್ರೆ ಪುಲ್ಲಿಂಗ (ಅದೂ ಬಹುವಚನ, ಇರೋಳು ಒಬ್ಬಳೇ ಆದ್ರೂ). ನಮ್ಮಲ್ಲಿ ಆ ತಂಟೆಯಿಲ್ಲ: ಗಂಡಸಿಗೆ ಅವನು, ಹೆಂಗಸಿಗೆ ಅವಳು, ಮಿಕ್ಕಿದ್ದಕ್ಕೆಲ್ಲ ಅದು. ಹಾಗಂತ ನೀವು ಅಂದ್ಕೊಂಡಿದ್ದೀರಿ.

ನಿಮ್ಮ ಮನೆ ನಾಯಿ ವಿಷಯಕ್ಕೇ ಬನ್ನಿ. 'ಬ್ರೂನೋ ರಾತ್ರಿ ಊಟಾನೇ ಮಾಡ್ಲಿಲ್ಲ, ಅವನಿಗೆ ಬೇಜಾರು.' ಪಕ್ಕದ ಮನೆ ನಾಯಿ ಮಾತ್ರ 'ಅದು ಬೊಗಳ್ತು'. ಇನ್ನು ಸಾಲ ತಗೊಂಡ ಭಾವಮೈದುನ ಫೋನ್ ಎತ್ತದೇ ಇದ್ರೆ? 'ಎಲ್ಲಿ ಹಾಳಾಗ್ಹೋಯ್ತೋ ಅದು!' ಒಂದೇ ಏಟಿಗೆ ನಪುಂಸಕಲಿಂಗ. (ಸಾಲ ತೀರಿಸಿದ ದಿನ ಮತ್ತೆ ಪುಲ್ಲಿಂಗ.)

'ಅದು' ಅಂದ್ರೆ ಬೈಗುಳವೇ ಅಂತೀರಾ? ದಕ್ಷಿಣ ಕನ್ನಡದ ಹವ್ಯಕರ ಮನೇಲಿ 'ಅಕ್ಕ ಬಂತು' ಅಂತ ಅಕ್ಕರೆಯಿಂದಲೇ ಹೇಳ್ತಾರೆ. ತೆಲುಗಿನಲ್ಲಿ ಏಕವಚನಕ್ಕಿಳಿದ್ರೆ ಹೆಂಗಸಿಗೂ ಹಸುವಿಗೂ ಒಂದೇ ಕ್ರಿಯಾಪದ. ಅಲ್ಲೆಲ್ಲ ಅದು ರೂಢಿ. ನಾವು ಮಾತ್ರ ಮೂಡ್ ನೋಡಿ ಬಳಸೋರು.

ಮಗಳನ್ನ 'ಬಾರೋ ಪುಟ್ಟಾ' ಅಂತ ಮುದ್ದು ಮಾಡ್ತೀರಲ್ಲ, ಮಗನನ್ನ ಒಂದ್ಸಲ ನೆಂಟರೆದುರು 'ಬಾರೇ ಪುಟ್ಟಿ' ಅಂತ ಕರೀರಿ ನೋಡೋಣ. ಅವನಿಗಿಂತ ಮೊದಲು ಅವರಜ್ಜಿ ಕೆರಳ್ತಾರೆ. ಮಗಳಿಗೆ ಓಕಾರ ಹಚ್ಚಿದ್ರೆ ಪ್ರಮೋಷನ್ನು, ಮಗನಿಗೆ ಏಕಾರ ಹಚ್ಚಿದ್ರೆ ಡಿಮೋಷನ್ನು! ಈ ರೂಲ್ಸು ಕೇಶಿರಾಜ ಬರೆದದ್ದಲ್ಲ ಕಣ್ರೀ. ಪಾಪ, 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಅನ್ನೋ ವ್ಯಾಕರಣ ಬರೆದು ತನ್ನ ಪಾಡಿಗೆ ತಾನು ಹೋದ. ಇದು ನಮ್ಮನಿಮ್ಮದೇ ತಿದ್ದುಪಡಿ.

ಕನ್ನಡ ನಮಗೊಂದು ಒಳ್ಳೇ ದಾರಿಯನ್ನೂ ಕೊಟ್ಟಿದೆ: 'ಅವರು'. ಗಂಡೋ ಹೆಣ್ಣೋ ಹೇಳಬೇಕಾಗೇ ಇಲ್ಲ. ಆದ್ರೂ 'ಡಾಕ್ಟ್ರು ಬಂದ್ರು' ಅಂದ ಕೂಡ್ಲೇ ನಿಮ್ಮ ತಲೇಲಿ ಪ್ಯಾಂಟು ಹಾಕ್ಕೊಂಡವರೇ ಯಾಕೆ ಬಂದ್ರು? ಮನೇಲಿ ನೋಡಿ: ಹೆಂಡತಿಗೆ ಗಂಡ 'ನಮ್ಮನೆಯವರು', ಗಂಡನಿಗೆ ಹೆಂಡತಿ 'ಇವಳು'. (ಸಂಬಳ ಅವಳದ್ದೇ ಜಾಸ್ತಿ ಇದ್ರೂ.)

ಸಿಗ್ನಲ್‌ನಲ್ಲಿ ಚಪ್ಪಾಳೆ ಸದ್ದು ಕೇಳಿದ್ರೆ ಕಾರಿನ ಗಾಜು ಏರಿಸ್ತಾ ಏನಂತೀರಿ? 'ಬಂತು ನೋಡು.' ಅದೇ ಸಂಜೆ ಟೀವಿಯಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯದವರೇ ಆದ ಮಂಜಮ್ಮ ಜೋಗತಿ ಬಂದ್ರೆ 'ಅವರು ಎಷ್ಟು ಚೆನ್ನಾಗಿ ಮಾತಾಡ್ತಾರೆ!' ಜಾನಪದ ಅಕಾಡೆಮಿ ಅಧ್ಯಕ್ಷರಾಗಿದ್ದವರು, 2021ರಲ್ಲಿ ಪದ್ಮಶ್ರೀ ಪಡೆದವರು, ಗೌರವ ಬೇಡ್ವೇ? ಬೇಕು. ಆದ್ರೆ 'ಅದು'ವಿನಿಂದ 'ಅವರು'ವರೆಗೆ ಬರೋಕೆ ಪದ್ಮಶ್ರೀನೇ ಆಗಬೇಕಾ? ಟಿಕೆಟ್ ರೇಟು ಸ್ವಲ್ಪ ಜಾಸ್ತಿ ಆಯ್ತಪ್ಪ.

ಕೋಪ ಬಂತಾ? ಇನ್ನೊಂದು ಕೇಳ್ತೀನಿ. ನಾನು, ನೀನು ಅನ್ನೋದಕ್ಕೆ ಕನ್ನಡದಲ್ಲಿ ಲಿಂಗವೇ ಇಲ್ಲ. ಬಂದೆ, ತಿಂದೆ, ಬರೆದೆ, ಯಾರು ಹೇಳಿದ್ರೂ ಅಷ್ಟೇ. ಆದ್ರೂ ಇದನ್ನ ಬರೆದದ್ದು ಗಂಡಸೋ ಹೆಂಗಸೋ ಅಂತ ನೀವಾಗ್ಲೇ ತೀರ್ಮಾನ ಮಾಡಿಬಿಟ್ಟಿದ್ದೀರಿ, ಅಲ್ವಾ? ಯಾವ ಪ್ಯಾರಾದಲ್ಲಿ, ಹೇಳಿ?