ಪ್ರಥಮ ವರ್ಗ

"ಶಾಸ್ತ್ರಿಗಳೇ, ಆ ಗುಳಿಗೆಯನ್ನು ಕಾಫಿಗೆ ಹಾಕಬೇಡಿರಿ, ಅದರಲ್ಲಿರುವ ಆಸ್ಪರ್ಟೇಮ್ ಎಂಬ ಕೃತಕ ಮಧುರದ್ರವ್ಯವು ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಸಾರಿತಂತೆ!" ಎಂದರು ರಾಯರು, ಮಿತ್ರನನ್ನು ಅಪಮೃತ್ಯುವಿನಿಂದ ಪಾರುಮಾಡಿದ ಧನ್ಯತಾಭಾವದಿಂದ.

"ಹಾಗೆಂದವರು ಯಾರು?"

"ಲೋಳೆಸರದ ರಸವನ್ನು ಮಾರುವ ಒಬ್ಬ ಮಹನೀಯರು. ಕೇವಲ ಲೋಕಹಿತಾರ್ಥವಾಗಿ ಬರೆದಿದ್ದಾರೆ. ಕೆಳಗೆ ಸೀಸೆಯ ಬೆಲೆಯನ್ನೂ ಕೊಟ್ಟಿದ್ದಾರೆ."

"ಆ ಸಂಸ್ಥೆಯ ಅರ್ಬುದಸಂಶೋಧನಾ ಶಾಖೆಯು ಅದನ್ನು ಸೇರಿಸಿದುದು 2ಬಿ ವರ್ಗಕ್ಕೆ, ಎಂದರೆ, ಅಪಾಯವು ಇದ್ದರೂ ಇರಬಹುದು, ಸಾಕ್ಷ್ಯವು ಮಾತ್ರ ಪರಿಮಿತ. ಅದೇ ದಿನ ಆಹಾರದ ಸಂಯೋಜಕಗಳನ್ನು ಪರಿಶೀಲಿಸುವ ತಜ್ಞಸಮಿತಿಯು, ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 40 ಮಿಲಿಗ್ರಾಮು ಎಂಬ ಹಳೆಯ ಮಿತಿಯನ್ನೇ ಎತ್ತಿಹಿಡಿಯಿತು. ಅನ್ಯಮೂಲಗಳಿಂದ ಸೇವಿಸದಿದ್ದಲ್ಲಿ, 70 ಕಿಲೋ ತೂಗುವಾತನು ಅದನ್ನು ದಾಟಬೇಕಾದರೆ ದಿನವೊಂದಕ್ಕೆ 9ರಿಂದ 14 ಡಬ್ಬಿಗಿಂತಲೂ ಅಧಿಕವಾಗಿ ಡಯಟ್ ಪಾನೀಯವನ್ನು ಕುಡಿಯಬೇಕಂತೆ. ಫೀನೈಲ್‌ಕೀಟೋನೂರಿಯ ಎಂಬ ಜನ್ಮಜಾತ ವ್ಯಾಧಿಯುಳ್ಳವರ ಮಾತು ಬೇರೆ. ಅಂದಹಾಗೆ, ಇಡಿಯ ಎಲೆಯಿಂದ ತೆಗೆದ ಲೋಳೆಸರದ ಸಾರವೂ 2ಬಿಯಲ್ಲಿಯೇ ವಿರಾಜಿಸುತ್ತಿದೆ."

ಪ್ರತಿಪಕ್ಷದ ಯುಕ್ತಿಯು ಪ್ರಬಲವಾದಾಗಲೆಲ್ಲ ಅದರ ಹಿಂದೆ ಯಾವುದೋ ಧನಿಕನ ಹಸ್ತವನ್ನು ಕಾಣುವ ದಿವ್ಯದೃಷ್ಟಿಯನ್ನು ಪಡೆದಿದ್ದ ರಾಯರು ಗಂಭೀರರಾದರು.

"ಇದೆಲ್ಲ ಕಂಪನಿಗಳ ಕಾಸು ತಿಂದವರ ಲೆಕ್ಕ."

"ಶಂಕೆ ಯುಕ್ತವೇ. ಹಣವಿತ್ತವನಾರೆಂದು ಕೇಳಲೇಬೇಕು, ಸೀಸೆ ಮಾರುವವರನ್ನೂ ಸಹ."

"ಇರಲಿ, ಆ ಶಾಖೆಯ ಮೊದಲನೆಯ ವರ್ಗದಲ್ಲಿ ಏನಿದೆ?"

"ನೀವು ಈಗ ಅಗಿಯುತ್ತಿರುವ ಅಡಿಕೆ."

"ಪ್ರಥಮ ವರ್ಗವೇ! ಅಂತೂ ನಮ್ಮ ಮಲೆನಾಡಿಗೆ ವಿಶ್ವಮಾನ್ಯತೆ ದೊರೆಯಿತು!" ಎಂದು ಪುಲಕಿತರಾದ ರಾಯರು, ಆ ಸುವಾರ್ತೆಯನ್ನು ತತ್‌ಕ್ಷಣವೇ ಸಮಸ್ತ ಬಂಧುಮಿತ್ರರಿಗೂ ರವಾನಿಸತೊಡಗಿದರು.