ಟಿಕೆಟಿಲ್ಲದ ಗವಿಗೆ ಯಾರು ಹೋಗ್ತಾರ್ರೀ?

ಬೆಳಗಾವಿಯ ಅನುಕೂಲಸ್ಥರಿಗೆ ಗೋವಾ ಹಳಸಿದೆ. ಚೋರ್ಲಾ ಘಾಟ್ ಇಳಿದರೆ ಸಮುದ್ರ ಸಿಗುತ್ತದೆ ಎನ್ನುವುದೇ ಅದರ ದೋಷ. ಈಗ ಡಿಸೆಂಬರ್ ಬಂತೆಂದರೆ ಅಂಡಮಾನ್. ಟಿಳಕವಾಡಿಯಲ್ಲಿ ಸಂಜೆ ವಾಕಿಂಗಿಗೆ ಹೊರಟರೆ ಯಾರಾದರೊಬ್ಬರು ಮೊಬೈಲನ್ನು ಮೂಗಿನ ಮುಂದೆ ಹಿಡಿದೇ ಹಿಡಿಯುತ್ತಾರೆ: "ನೋಡ್ರಿ ಸರ, ಬಾರಾಟಾಂಗ್ ಗವಿ. ಸುಣ್ಣದ ಕಲ್ಲು ಹೆಂಗ ಜೋತ ಬಿದ್ದಾವ ನೋಡ್ರಿ!"

ಆ ಗವಿ ದರ್ಶನಕ್ಕೆ ಪಡುವ ಪಾಡು ಸಣ್ಣದಲ್ಲ. ನಸುಕಿನಲ್ಲೇ ಎದ್ದು ಜಿರ್ಕಾಟಾಂಗ್ ಚೆಕ್‌ಪೋಸ್ಟಿನಲ್ಲಿ ಸಾಲು ಹಚ್ಚಬೇಕು. ಪೊಲೀಸ್ ಬೆಂಗಾವಲಿನಲ್ಲಿ ಜಾರವಾ ಬುಡಕಟ್ಟಿನವರ ಕಾಡು ದಾಟಬೇಕು. ಅಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಆಮೇಲೆ ಹಡಗು, ದೋಣಿ, ಕಾಲ್ನಡಿಗೆ. ಊರಲ್ಲಿ ಸಿಗ್ನಲ್ಲಿಗೂ ನಿಲ್ಲದವರು ಅಲ್ಲಿ ಎಲ್ಲ ನಿಯಮ ಪಾಲಿಸುತ್ತಾರೆ. ಕಡೆಗೆ ಗೈಡ್ ಟಾರ್ಚ್ ಬಿಟ್ಟು "ಇದು ಗಣಪತಿ" ಎನ್ನುತ್ತಾನೆ, ಇವರು ಕೈ ಮುಗಿಯುತ್ತಾರೆ.

"ನಮ್ಮ ಖಾನಾಪುರದಾಗೂ ಗವಿ ಅದಾವಲ್ರೀ" ಅಂದರೆ ಅವರಿಗೆ ನಮ್ಮ ಮೇಲೆ ಕನಿಕರ. "ಖಾನಾಪುರದಾಗ? ಅಲ್ಲೇನೈತ್ರಿ, ಹೆಂಚು!"

ಹೆಂಚಿನ ಊರಿನಾಚೆ, ಭೀಮಗಡದ ಕಾಡಿನಲ್ಲಿ, ತಳೇವಾಡಿಯ ಕಡೆ ಬಾರಾಪೆಡೆ ಗವಿಗಳಿವೆ. ಅಲ್ಲಿ ಸಿಕ್ಕ ಬಾವಲಿಯೊಂದನ್ನು 1913ರಲ್ಲಿ ಲಂಡನ್ನಿನ ಓಲ್ಡ್‌ಫೀಲ್ಡ್ ಥಾಮಸ್ ಹೊಸ ಜಾತಿಯೆಂದು ಸಾರಿದ. ಹೆಸರು ಮಾತ್ರ ರಾಟನ್ ಎಂಬ ಅರಣ್ಯ ಸಾಹೇಬನದು. ಹುಳ ತಿಂದುಕೊಂಡು ಬದುಕುವುದು ಖಾನಾಪುರದ ಕತ್ತಲಲ್ಲಿ, ನಾಮಕರಣ ಲಂಡನ್ನಿನಲ್ಲಿ. ಹಲವು ದಶಕ ಕಾಲ ಇಡೀ ಭೂಮಿಯ ಮೇಲೆ ಈ ಜೀವಿಯ ಗೊತ್ತಿದ್ದ ವಿಳಾಸ ಈ ಗವಿಯೊಂದೇ. ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಅದು ಕಂಡದ್ದು ಬಹಳ ತಡವಾಗಿ. ವನ್ಯಜೀವಿ ಕಾಯ್ದೆ ಹುಲಿಗೆ ಕೊಟ್ಟ ಒಂದನೇ ಷೆಡ್ಯೂಲಿನ ರಕ್ಷಣೆ ಇದಕ್ಕೂ ಇದೆ. 2011ರಲ್ಲಿ ಭೀಮಗಡ ಅಭಯಾರಣ್ಯವಾಯಿತಲ್ಲ, ಅದರಲ್ಲಿ ಈ ಬಾವಲಿಯದೂ ಪಾಲಿದೆ.

ಇಷ್ಟು ಕೇಳಿದರೆ ಸಾಕು, ಯಾರಿಗಾದರೂ ಒಬ್ಬರಿಗೆ ತಲೆ ಓಡುತ್ತದೆ. "ಹಂಗಾದ್ರ ಡೆವಲಪ್ ಮಾಡಬೇಕ್ರಿ!" ಡೆವಲಪ್ ಮಾಡುವ ಕ್ರಮ ನಮ್ಮಲ್ಲಿ ನಿಗದಿಯಾಗಿದೆ. ಗವಿಯ ಬಾಯಿಗೆ ಕಮಾನು, ಕಮಾನಿಗೆ ಪುಢಾರಿಗಳ ಫೋಟೊ, ಒಳಗೆ ಬಣ್ಣದ ಲೈಟು, ಹೊರಗೆ ಗೋಬಿ ಮಂಚೂರಿ. ಕಲ್ಲಿನ ಮೇಲೆ ಬಾಣ ಚುಚ್ಚಿದ ಹೃದಯ ಬರೆಯಲು ಟೆಂಡರ್ ಕರೆಯಬೇಕಿಲ್ಲ, ಅದು ಜನರೇ ಮಾಡುವ ಸೇವೆ. ಬಾವಲಿಗಳ ಪುನರ್ವಸತಿಗೂ ಚಿಂತೆಯಿಲ್ಲ: ಚಳಿಗಾಲದ ಅಧಿವೇಶನ ಮುಗಿದ ಮೇಲೆ ಸುವರ್ಣ ವಿಧಾನಸೌಧದಲ್ಲಿ ಜಾಗಕ್ಕೇನು ಬರ? ಹಗಲು ನಿದ್ದೆಗೆ ಅಲ್ಲಿ ಯಾರ ಆಕ್ಷೇಪವೂ ಬಂದದ್ದಿಲ್ಲ.

ಅಮೆರಿಕದಲ್ಲಿ 2006ರಿಂದೀಚೆಗೆ ಬಾವಲಿಗಳ ಮೂತಿಗೆ ಬಿಳಿ ಬೂಷ್ಟು ಹಿಡಿಸುವ ರೋಗ ಬಂದು ಅವು ಲಕ್ಷಗಟ್ಟಲೆ ಸತ್ತವು. ಆ ಬೂಷ್ಟು ಮನುಷ್ಯರ ಬೂಟಿಗಂಟಿಯೂ ಗವಿಯಿಂದ ಗವಿಗೆ ಹೋದೀತೆಂದು ಅಲ್ಲಿ ಕೆಲವು ಗವಿಗಳನ್ನೇ ಮುಚ್ಚಿದರು, ಉಳಿದ ಕಡೆ ಬೂಟು ತೊಳೆಸಿದರು. ನಮ್ಮವರು ಗವಿಯ ಮುಂದೆ ಚಪ್ಪಲಿ ಬಿಡುವುದು ಒಳಗೆ ಲಿಂಗವಿದ್ದರೆ ಮಾತ್ರ.

ಇನ್ನು ರಸ್ತೆ. ಪ್ರವಾಸಿ ಬರುತ್ತಾನೆಂದರೆ ರಸ್ತೆಯ ಮಾತು ತಾನಾಗಿ ಏಳುತ್ತದೆ. ಅದೇ ಕಾಡಿನ ಆಮಗಾಂವದಲ್ಲಿ 2024ರ ಮಳೆಗಾಲದಲ್ಲಿ ಊರವರು ಕಾಯಿಲೆಯ ಹೆಣ್ಣುಮಗಳೊಬ್ಬಳನ್ನು ಹೊತ್ತುಕೊಂಡು ಕೆಸರಿನಲ್ಲಿ ಕಿಲೋಮೀಟರುಗಟ್ಟಲೆ ನಡೆದರು. ಅಭಯಾರಣ್ಯದೊಳಗೆ ರಸ್ತೆ ಮಾಡಲು ನಿಯಮ ಅಡ್ಡ. 2025ರಲ್ಲಿ ತಳೇವಾಡಿಯ ಕುಟುಂಬಗಳಿಗೆ ಪರಿಹಾರದ ಚೆಕ್ ಕೊಟ್ಟು ಕಾಡಿನಿಂದ ಹೊರಗೆ ಕರೆದರು. ಅವರು ಎದ್ದು ಹೋದ ಜಾಗಕ್ಕೆ ಸೆಲ್ಫಿ ತೆಗೆಯುವವರನ್ನು ಕರೆತಂದರೆ, ಮನೆಯವರನ್ನು ಎಬ್ಬಿಸಿ ನೆಂಟರಿಗೆ ಹಾಸಿಗೆ ಹಾಸಿದ ಹಾಗಾದೀತು.

ಈವರೆಗೆ ಬಾರಾಪೆಡೆಯ ಬಾವಲಿಯನ್ನು ಕಾಯ್ದದ್ದು ಕಾಯ್ದೆ ಅರ್ಧ, ನಮ್ಮ ಅಸಡ್ಡೆ ಅರ್ಧ. ಆ ಅಸಡ್ಡೆ ಇನ್ನೊಂದು ನೂರು ವರ್ಷ ಇರಲಿ. ಹಾಗಂತ ಅಂಡಮಾನಿಗೇ ಹೋಗಿ ಎನ್ನಲೂ ಬಾಯಿ ಬರುವುದಿಲ್ಲ, ಆ ದಾರಿಯೂ ಮತ್ತೊಬ್ಬರ ಅಂಗಳದಲ್ಲೇ ಹಾದಿದೆ. ಖಾನಾಪುರ ತಾಲ್ಲೂಕು ನೋಡಲೇಬೇಕೆಂಬ ಹಟವಿದ್ದವರು ಹಲಸಿಗೆ ಹೋಗಿರಿ. ಕದಂಬರ ಕಾಲದ ಭೂವರಾಹ ನರಸಿಂಹನ ಗುಡಿಯಿದೆ, ಹೋಗಲು ರಸ್ತೆಯಿದೆ, ಯಾರ ನಿದ್ದೆಯೂ ಕೆಡುವುದಿಲ್ಲ.